ಮೊದಲ ಕೆಲಸ ಕೊಟ್ಟವರು

ಸರಕು ಕೊಳ್ಳುವುದೆಂದರೆ ಕಡಿಮೆ ಬೆಲೆಯ ಮುಂದೆ ಗುರುತು ಹಾಕುವುದಷ್ಟೇ ಎಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ, ಯಾರಿಂದ ಕೊಳ್ಳುತ್ತೇವೆ ಎಂಬುದೂ ಮುಖ್ಯವೆಂದು ತೋರಿಸಿಕೊಟ್ಟವರು ನಮ್ಮ ಆಸ್ಪತ್ರೆಯ ಖರೀದಿ ವಿಭಾಗದ ಮುಖ್ಯಸ್ಥೆ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು ಕಚೇರಿಗೆಲ್ಲ ದೊಡ್ಡಕ್ಕ.

ಗುಮಾಸ್ತೆಯಾಗಿ ಸೇರಿದ ದೊಡ್ಡಕ್ಕ ಮೊದಮೊದಲು ನಿಯಮದ ಗೆರೆ ದಾಟಿದವರಲ್ಲ. ಸರಕು ಪೂರೈಸಿದ ಮೂರು ವರ್ಷಗಳ ಅನುಭವವಿಲ್ಲದವರ ಅರ್ಜಿಗಳನ್ನು ಓದದೆಯೇ ಪಕ್ಕಕ್ಕಿಡುತ್ತಿದ್ದರು. ಹಾಗೆ ಎರಡು ಬಾರಿ ಪಕ್ಕಕ್ಕೆ ಸರಿದದ್ದು, ತನ್ನಂತೆಯೇ ಕಿವಿ ಕೇಳದ ಆರು ಹೆಂಗಸರನ್ನು ಕಟ್ಟಿಕೊಂಡು ಹೊಲಿಗೆ ಘಟಕ ನಡೆಸುತ್ತಿದ್ದ ಹೊಲಿಗೆಯಮ್ಮನ ಅರ್ಜಿ. ಮೂರನೆಯ ಬಾರಿ ಆಕೆ ನಾದಿನಿಯೊಂದಿಗೆ ಮೇಜಿನೆದುರೇ ಬಂದು ನಿಂತರು. ಆಕೆಯ ಕೈಸನ್ನೆಯನ್ನು ನಾದಿನಿ ಮಾತಾಗಿಸಿದರು:

"ನಮ್ಮತ್ತಿಗೆ ಕೇಳ್ತಿರೋದು ಇಷ್ಟೇ ಮೇಡಂ. ಮೊದಲ್ನೇ ಕೆಲಸಾನೇ ಯಾರೂ ಕೊಡ್ದಿದ್ರೆ ಮೂರು ವರ್ಷದ ಅನುಭವ ಎಲ್ಲಿಂದ ತರೋದು?"

ದೊಡ್ಡಕ್ಕನ ಮುಖ ಸಣ್ಣಗಾಯಿತು. ಆ ವರ್ಷವೇ ಖರೀದಿ ಸಮಿತಿಯೊಡನೆ ಗುದ್ದಾಡಿ, ಸಣ್ಣ ಘಟಕಗಳು ಅನುಭವದ ಬದಲು ಮಾದರಿ ತೋರಿಸಿದರೆ ಸಾಕೆಂಬ ತಿದ್ದುಪಡಿ ತಂದರು. ರೋಗಿಗಳ ಇನ್ನೂರು ಅಂಗಿಗಳ ಕೆಲಸ ಹೊಲಿಗೆಯಮ್ಮನಿಗೆ ಹೋಯಿತು.

ಆದರೆ ಆಸ್ಪತ್ರೆಯ ಕುದಿನೀರಿನ ಒಗೆತಕ್ಕೆ ಆ ಹೊಲಿಗೆಗಳು ಬಿಚ್ಚಿಕೊಂಡವು. "ನಾನು ಆಗ್ಲೇ ಹೇಳಿರ್ಲಿಲ್ವಾ?" ಎಂದು ಉಗ್ರಾಣದ ಮೇಲ್ವಿಚಾರಕರು ಮೂದಲಿಸಿದರು. ಕನಿಕರದಿಂದ ಕಳಪೆಯನ್ನು ಒಪ್ಪುವುದು ಹೊಲಿಗೆಯಮ್ಮನಿಗೇ ಮಾಡುವ ಅವಮಾನವೆಂದು ಬಗೆದ ದೊಡ್ಡಕ್ಕ, ಒಂದೂ ಬಿಡದೆ ಅಂಗಿಗಳನ್ನು ವಾಪಸು ಕಳಿಸಿದರು. ಸಮಿತಿ ಹೊಲಿಗೆಯಮ್ಮನ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಲು ಹೊರಟಾಗ ಮಾತ್ರ ಅಡ್ಡ ನಿಂತರು.

"ದೊಡ್ಡ ಕಂಪನಿ ತಪ್ಪು ಮಾಡಿದ್ರೆ ಸರಿಮಾಡಿ ಕೊಡಿ ಅಂತ ಪತ್ರ ಬರೀತೀವಿ. ಇವ್ರು ತಪ್ಪು ಮಾಡಿದ್ರೆ ಬಾಗಿಲು ಹಾಕೋದಾ? ಇವ್ರಿಗೂ ಒಂದು ಪತ್ರ ಬರೀರಿ."

ಆ ಪತ್ರವನ್ನು ತಾವೇ ಒಯ್ದರು. ಹೊಲಿಗೆಯಮ್ಮನನ್ನು ಒಗೆಯುವ ಕೋಣೆಗೆ ಕರೆತಂದು, ಯಂತ್ರದ ಬಿಸಿ ಎಂಥದೆಂದು ಕಣ್ಣಾರೆ ತೋರಿಸಿದರು. ಆಕೆ ನೂಲು ಬದಲಿಸಿ ಎರಡು ಸಾಲು ಹೊಲಿಗೆ ಹಾಕಿದರು. ಅಷ್ಟೇ ಅಲ್ಲ, ಕೈ ಮುರಿದ ಅಜ್ಜಿಯೊಬ್ಬರು ಬೆನ್ನ ಹಿಂದಿನ ದಾರ ಕಟ್ಟಲಾರದೆ ಪರದಾಡುವುದನ್ನು ವಾರ್ಡಿನಲ್ಲಿ ಕಂಡು, ಕಟ್ಟನ್ನು ಪಕ್ಕಕ್ಕೆ ತಂದರು. ಇಂದು ನಮ್ಮ ರೋಗಿಗಳೆಲ್ಲ ತೊಡುವುದು, ಒಂದೇ ಕೈಯಲ್ಲಿ ಕಟ್ಟಿಕೊಳ್ಳಬಹುದಾದ ಆ ಅಂಗಿಯನ್ನೇ. ದೊಡ್ಡಕ್ಕ ತೆರೆದ ದಾರಿಯಲ್ಲಿ ಆಮೇಲೆ ಇನ್ನೂ ಹನ್ನೊಂದು ಸಣ್ಣ ಘಟಕಗಳು ಒಳಬಂದವು.

ನಿವೃತ್ತಿಗೆ ಮೊದಲೇ ಅವರು ಶನಿವಾರಗಳಂದು ಗ್ರಂಥಾಲಯದ ಹಿಂಗೋಣೆಯಲ್ಲಿ ಹೊಸಬರಿಗೆ ಟೆಂಡರ್ ಅರ್ಜಿ ತುಂಬಲು ಕಲಿಸತೊಡಗಿದ್ದಾರೆ. ಅಲ್ಲಿ ಕುರ್ಚಿಗಳು ಸಾಲುತ್ತಿಲ್ಲವಂತೆ. ಕುರ್ಚಿಗಳನ್ನು ನಾವು ಹೇಗಾದರೂ ಹೊಂದಿಸುತ್ತೇವೆ. ಅಲ್ಲಿ ನಿಂತು ಕಲಿಸುವ ನಮ್ಮ ದೊಡ್ಡಕ್ಕನಿಗೆ ಆಯುಷ್ಯವೂ ಆರೋಗ್ಯವೂ ಧಾರಾಳವಾಗಿ ಒದಗಿಬರಲಿ.