ದ್ವೀಪಕ್ಕೊಂದು ಪ್ರದಕ್ಷಿಣೆ

ಅಮೆರಿಕದ ನಮ್ಮ ಕ್ಯಾಂಟನ್ ಊರಿನ ಕನ್ನಡದವರ ಮನೆಯಲ್ಲಿ ಹುಟ್ಟುಹಬ್ಬವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಗಂಡಸರು ತಟ್ಟೆ ಹಿಡಿದು ನಿಂತರೆಂದರೆ ಸ್ವಲ್ಪ ಹೊತ್ತಿಗೆ ಮಾತು ಷಿಕಾಗೋವನ್ನು ಕಾರಿನಲ್ಲಿ ಎಷ್ಟು ಬೇಗ ಮುಟ್ಟಬಹುದು ಎಂಬಲ್ಲಿಗೆ ಬಂದೇ ಬರುತ್ತದೆ. ಒಬ್ಬರು ನಾಲ್ಕೂವರೆ ಗಂಟೆ ಎನ್ನುತ್ತಾರೆ. ಇನ್ನೊಬ್ಬರು ಪಾಯಸದ ಬಟ್ಟಲು ಪಕ್ಕಕ್ಕಿಟ್ಟು, ನಾಲ್ಕೂಕಾಲು, ಅದೂ ಹಿಮ ಬೀಳುವಾಗ ಎನ್ನುತ್ತಾರೆ. ಅಲ್ಲಿಗೆ ಹೋಗಿ ಏನು ನೋಡಿದಿರಿ ಎಂದು ಯಾರೂ ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮವರು ಈ ಪಂಥದ ಹಿರಿಯ ಸದಸ್ಯರು. ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್, ಕಾರಿನ ಬ್ರೇಕುಗಳ ಮೇಲೆ ಕೆಲಸ. ವಾರವಿಡೀ ಕಾರನ್ನು ಹೇಗೆ ನಿಲ್ಲಿಸಬೇಕೆಂದು ತಲೆ ಕೆಡಿಸಿಕೊಳ್ಳುವ ಇವರಿಗೆ ರಜೆಯಲ್ಲಿ ಮಾತ್ರ ಕಾರು ನಿಲ್ಲಿಸುವುದೆಂದರೆ ಜೀವ ಹೋದಂತೆ. ಬೆಳಗಿನ ಜಾವ ಹೊರಡಬೇಕು. ಪುಳಿಯೋಗರೆ, ಮೊಸರನ್ನ ಡಬ್ಬಿಯಲ್ಲಿರಬೇಕು. ಕಾರು ಓಡುತ್ತಿರುವಾಗಲೇ ನಾನು ಚಮಚದಲ್ಲಿ ತಿನ್ನಿಸಬೇಕು. ಇದಕ್ಕೆ ನಮ್ಮಲ್ಲಿ ‘ಕವರ್ ಮಾಡುವುದು’ ಎಂದು ಹೆಸರು. ನಯಾಗರ ಕವರ್ ಮಾಡಿದೆವು, ಸ್ಮೋಕಿ ಬೆಟ್ಟಗಳನ್ನು ಕವರ್ ಮಾಡಿದೆವು. ಹಿಂದಿನವರು ದಾರಿ ಸವೆಸುತ್ತಿದ್ದರು. ಸವೆಯಬೇಕಾದರೆ ಉಜ್ಜಬೇಕು, ಉಜ್ಜಬೇಕಾದರೆ ಕಾಲು ನೆಲಕ್ಕೆ ತಾಗಬೇಕು, ಹೊತ್ತು ಹಿಡಿಯಬೇಕು. ಕವರ್ ಮಾಡುವುದಕ್ಕೆ ಅದೇನೂ ಬೇಡ. ಹಾಸಿಗೆಯ ಮೇಲೆ ಚಾದರ ಕೊಡವಿ ಹಾಸಿದ ಹಾಗೆ, ಮುಗಿದೇ ಹೋಯಿತು. ಕೆಳಗೆ ಹಾಸಿಗೆಯಿತ್ತೋ ಇಲ್ಲವೋ ಎಂದು ನೋಡುವವರು ಯಾರು?

ಇಷ್ಟು ವರ್ಷ ನಾನೂ ಇದನ್ನು ದೊಡ್ಡದು ಮಾಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಮೇಘನಾ ಇರುತ್ತಿದ್ದಳಲ್ಲ, ನಮ್ಮ ಮಾತೆಲ್ಲ ಅವಳ ಮೂಲಕವೇ. “ಪುಟ್ಟಿ, ಅಪ್ಪಂಗೆ ಇನ್ನೂ ಅನ್ನ ಬೇಕಾ ಕೇಳು” ಎಂದು ನಾನು ಹೇಳುವುದು. ಅವಳು ಇಂಗ್ಲಿಷಿನಲ್ಲಿ ಕೇಳುವುದು. ಇವರು ತಮ್ಮ ಧಾರವಾಡದ ಕನ್ನಡದಲ್ಲಿ “ಸಾಕಂತ ಹೇಳವಾ ನಿಮ್ಮವ್ವಗ” ಎನ್ನುವುದು. ಅವಳು ಅದನ್ನು ಮತ್ತೆ ಇಂಗ್ಲಿಷಿನಲ್ಲಿ ನನಗೆ ಒಪ್ಪಿಸುವುದು. ಗಂಡ ಹೆಂಡತಿ ಅಕ್ಕಪಕ್ಕದಲ್ಲೇ ಕೂತಿದ್ದರೂ ಮಾತು ಹಿಂದಿನ ಸೀಟನ್ನು ಬಳಸಿಕೊಂಡೇ ಬರುತ್ತಿತ್ತು. ಅದು ನಮ್ಮ ಅರಿವಿಗೇ ಬಂದಿರಲಿಲ್ಲ.

ಅರಿವಿಗೆ ಬಂದದ್ದು ಅವಳನ್ನು ಷಿಕಾಗೋದ ಕಾಲೇಜಿನ ಹಾಸ್ಟೆಲ್ಲಿಗೆ ಬಿಟ್ಟು ವಾಪಸಾದ ದಿನ. ಇಂಡಿಯಾನಾ ದಾಟುವವರೆಗೆ ಕಾರಿನಲ್ಲಿ ಮಾತಿಲ್ಲ. ಆಮೇಲೆ ಇವರು ಗಂಟಲು ಸರಿಮಾಡಿಕೊಂಡಾಗ ನಾನು ಆಸೆಯಿಂದ ತಿರುಗಿದೆ. “ಗ್ಯಾಸ್ ಇಲ್ಲೇ ಹಾಕಿಸೋಣೋ, ಮುಂದ ಹಾಕಿಸೋಣೋ?” ಎಂದರು. ಪೆಟ್ರೋಲನ್ನು ಮುಂದೆ ಹಾಕಿಸಿದೆವು. ಮನೆ ಬಂತು. ಅವತ್ತು ನನಗೆ ನಿಜವಾಗಿ ಭಯವಾಯಿತು. ಮಗಳನ್ನು ಬೆಳೆಸುವ ಕೆಲಸ ಮುಗಿದ ಮೇಲೆ ಇಬ್ಬರು ಸಹೋದ್ಯೋಗಿಗಳ ಹಾಗೆ ಉಳಿದುಬಿಟ್ಟೆವೇ? ನಮ್ಮಿಬ್ಬರಿಗೆ ಅಂತ ಮಾತೇನಾದರೂ ಉಳಿದಿದೆಯೇ, ಇಲ್ಲವೇ? ಇದನ್ನು ಫೋನಿನಲ್ಲಿ ಅಕ್ಕತಂಗಿಯರಿಗೂ ಹೇಳುವಂತಿರಲಿಲ್ಲ. ಮನೆಯಲ್ಲಿ ಜಗಳವೇ ಇಲ್ಲದಾಗ ದೂರು ಹೇಳುವುದಾದರೂ ಏನೆಂದು?

ಮುಂದಿನ ಬೇಸಿಗೆಗೆ ನಾನೇ ಪಟ್ಟು ಹಿಡಿದೆ. “ಎಲ್ಲಾದ್ರೂ ದೂರ, ನಿಧಾನವಾಗಿ ಸುತ್ತಿ ಬರೋಣ ರೀ, ನಾವಿಬ್ಬರೇ.” ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಿಂಗಳು ಐರ್ಲೆಂಡಿನ ಚಿತ್ರವಿತ್ತು. ಹಸಿರು ಗುಡ್ಡ, ಕಲ್ಲಿನ ಗೋಡೆ, ಕುರಿಗಳು, ಆಚೆಗೆ ಸಮುದ್ರ. ಅದಕ್ಕೇ ಬೆರಳು ತೋರಿಸಿದೆ. ಇವರು ಭೂಪಟ ಬಿಡಿಸಿ ಮೈಲಿ ಅಳೆದು ಮುಖ ಅರಳಿಸಿದರು. “ಇಷ್ಟ ಸಣ್ಣ ದೇಶ ಏನು? ನಾಲ್ಕ ದಿನದಾಗ ಕವರ್ ಆಗ್ತದಲ್ಲ!” ನಾನು ಹಣೆ ಚಚ್ಚಿಕೊಂಡೆ.

ಷಿಕಾಗೋದಿಂದ ವಿಮಾನ. ಹೋಗುವ ದಾರಿಯಲ್ಲಿ, ಆ ಊರಿನ ಹತ್ತಿರದ ಲೆಮಾಂಟಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದೆವು. ಅಲ್ಲಿ ಪ್ರದಕ್ಷಿಣೆ ಹಾಕುವಾಗಲೂ ನಮ್ಮವರು ಮುಂದೆ ಹೋಗುತ್ತಿದ್ದ ಒಬ್ಬ ಆಂಟಿಯನ್ನು ಓವರ್‌ಟೇಕ್ ಮಾಡಿದರು. ದೇವರ ಎದುರಿಗೆ ನಾನು ಕೇಳಿಕೊಂಡದ್ದು ಒಂದೇ. ಇವರಿಗೆ ಸ್ವಲ್ಪ ನಿಧಾನ ಕೊಡಪ್ಪ ಎಂದು.

ದೇವರು ಅದನ್ನು ಅಡುಗೆಯ ಮೂಲಕ ಕೊಟ್ಟ. ಕಾರಿನಲ್ಲೇ ತಿನ್ನಬೇಕಾದರೆ ಅನ್ನ ಬೇಕು, ಅನ್ನ ಬೇಕಾದರೆ ಕುಕ್ಕರ್ ಬೇಕೆಂದು ಇವರು ನಮ್ಮ ಎಲೆಕ್ಟ್ರಿಕ್ ರೈಸ್ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ಅಲ್ಲಿನ ಗೋಡೆಗೆ ಹೊಂದುವ ಪ್ಲಗ್ಗನ್ನೂ ಮರೆಯದೆ ತಂದಿದ್ದರು. ಅಮೆರಿಕದ ಕುಕ್ಕರು ಅಲ್ಲಿನ ಎರಡು ಪಟ್ಟು ವೋಲ್ಟೇಜನ್ನು ತಡೆಯುವುದಿಲ್ಲ ಎಂಬುದೊಂದನ್ನು ಮಾತ್ರ, ಇಷ್ಟು ದೊಡ್ಡ ಎಂಜಿನಿಯರ್, ಮರೆತಿದ್ದರು. ಐರ್ಲೆಂಡಿನಲ್ಲಿ ಮೊದಲ ರಾತ್ರಿ ಪ್ಲಗ್ ಹಾಕಿದ್ದೇ ತಡ, ಕುಕ್ಕರ್ ಸುಟ್ಟಿತು. ನಾವು ಬಾಡಿಗೆಗೆ ಉಳಿದಿದ್ದ ಮನೆಯ ಒಡತಿ, ಎಪ್ಪತ್ತರ ಹತ್ತಿರದ ಹೆಂಗಸು, ಹೊಗೆ ನೋಡಿ ಓಡಿಬಂದಳು. ಬೈಯಲಿಲ್ಲ. ಕಿಟಕಿ ತೆರೆದು, ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ, ಬೇಯಿಸಿದ ಆಲೂಗಡ್ಡೆ ಬೆಣ್ಣೆ ಹಾಕಿ ಕೊಟ್ಟಳು. ನಾನು ಚಟ್ನಿಪುಡಿ ಉದುರಿಸಿಕೊಟ್ಟೆ. ಅವಳು ಕಣ್ಣಲ್ಲಿ ನೀರು ಸುರಿಸುತ್ತಾ ಎರಡನೇ ಸಲ ಹಾಕಿಸಿಕೊಂಡಳು.

ಡಬ್ಬಿಯಲ್ಲಿ ಅನ್ನವಿಲ್ಲದ ಮೇಲೆ ಕವರ್ ಮಾಡುವುದು ಹೇಗೆ? ಹೊಟ್ಟೆ ಹಸಿದಾಗಲೆಲ್ಲ ಊರು ಹುಡುಕಿ ಬಾಡಿಗೆ ಕಾರು ನಿಲ್ಲಿಸಬೇಕಾಯಿತು. ಸೂಪು, ಬ್ರೆಡ್ಡು, ಟೀ ಬರುವವರೆಗೆ ಕಾಯಬೇಕಾಯಿತು. ಇವರ ನಾಲ್ಕು ದಿನದ ಲೆಕ್ಕ ಮೊದಲ ದಿನವೇ ಕೈಕೊಟ್ಟಿತು. ಮುಖ ಸಣ್ಣದಾದರೂ ಇವರು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ನನ್ನ ಸಮಸ್ಯೆ ಎಂದು ಇವರಿಗೆ ಹೇಗೆ ತಿಳಿಸಲಿ?

ರಸ್ತೆಗಳೋ, ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದು ಎತ್ತಿನಗಾಡಿಯ ಅಗಲ. ಅಲ್ಲಿ ನಮ್ಮ ದೇಶದ ಹಾಗೆ ಎಡಗಡೆ ಓಡಿಸಬೇಕು. “ಹುಟ್ಟಿದ್ದ ಎಡಗಡೆ ಓಡ್ಸೂ ದೇಶದಾಗ” ಎಂದು ಇವರು ಜಂಭ ಕೊಚ್ಚಿದ್ದರು. ಆದರೆ ಊರಿನಲ್ಲಿ ಇವರು ಓಡಿಸಿದ್ದು ಸೈಕಲ್ ಮಾತ್ರ. ಡ್ರೈವರ್ ಬಲಕ್ಕೆ ಕೂತರೆ ಎಡಗಡೆಯ ಗೋಡೆ ನನ್ನ ಪಾಲಿಗೆ. ಹಾಗಾಗಿ ನಾನು ಬಾಯಿ ಮುಚ್ಚುವಂತೆಯೇ ಇಲ್ಲ. “ಗೋಡೆ ರೀ, ಗೋಡೆ! ಸ್ವಲ್ಪ ಬಲಕ್ಕೆ. ಆಯ್ತು. ಕುರಿ!” ಮದುವೆಯಾದ ಮೇಲೆ ನಾನು ಹೇಳಿದ್ದನ್ನೆಲ್ಲ ಇವರು ತಕ್ಷಣ ಕೇಳಿದ್ದು ಆಗಲೇ. ನಾವು ದ್ವೀಪವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಿದ್ದೆವು, ಅಂದರೆ ಶಾಸ್ತ್ರೋಕ್ತ ಪ್ರದಕ್ಷಿಣೆ. ಗೋಡೆ ತಗ್ಗಿದಲ್ಲೆಲ್ಲ ನನ್ನ ಕಿಟಕಿಗೆ ಸಮುದ್ರ ಬರುತ್ತಿತ್ತು.

ಒಂದು ಕಡೆ ನಿಲ್ಲಿಸಿ ಎಂದೆ.

“ಇಲ್ಲೆ ನಿಂತರ ಏನ್ ಸಿಗತದ?”

“ಏನೂ ಸಿಗಲ್ಲ. ಅದಕ್ಕೇ ನಿಲ್ಲಿಸಿ.”

ನಿಲ್ಲಿಸಿದರು. ಗಾಳಿಗೆ ನಿಂತು ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಇವರು ಕೈಗಡಿಯಾರ ನೋಡಿಕೊಂಡರು, ನಾನು ಕಾರು ಹತ್ತಿದೆ. ಹೀಗೆ ಪಶ್ಚಿಮದ ಕರಾವಳಿಯವರೆಗೂ ಗೋಡೆ, ಕುರಿ, ಸೂಪು ಇಷ್ಟೇ ನಮ್ಮ ಮಾತು. ಆರಿಸಿಕೊಂಡ ದೇಶ ಚೆನ್ನಾಗಿಯೇ ಇತ್ತು. ನನ್ನ ಭಯ ಮಾತ್ರ ಹಾಗೇ ಕೂತಿತ್ತು.

ಅಲ್ಲಿ ಒಂದು ಮಧ್ಯಾಹ್ನ ಮುಂದೆ ಟ್ರ್ಯಾಕ್ಟರ್ ಸಿಕ್ಕಿತು. ಹಿಂದಿನ ಗಾಡಿಯ ತುಂಬ ಹುಲ್ಲು. ಓಡಿಸುತ್ತಿದ್ದ ಮುದುಕನಿಗೆ ಜಗತ್ತಿನಲ್ಲಿ ಯಾವ ಅವಸರವೂ ಇರಲಿಲ್ಲ. ಓವರ್‌ಟೇಕ್ ಮಾಡಲು ಜಾಗವೇ ಇಲ್ಲ. ನಮ್ಮವರು ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲೆ ಬೆರಳು ಬಡಿದರು. ಆಮೇಲೆ ಅದೂ ನಿಂತಿತು. ಅಷ್ಟು ನಿಧಾನವಾಗಿ ಹೋಗುವಾಗ ಗೋಡೆಯ ಭಯವೂ ಇಲ್ಲದ್ದರಿಂದ ನಾನೂ ಸುಮ್ಮನಾದೆ. ಹುಲ್ಲಿನ ಕಡ್ಡಿಗಳು ಗಾಜಿನ ಮೇಲೆ ಬೀಳುತ್ತಿದ್ದವು.

“ನೀ ಅಮೆರಿಕಕ್ಕ ಬರೂಕಿಂತ ಮೊದಲ,” ಎಂದು ಇವರು ಇದ್ದಕ್ಕಿದ್ದಂತೆ ಶುರುಮಾಡಿದರು, “ನಿನ್ನ ವೀಸಾ ಬರೂತನಕ, ಪ್ರತಿ ರವಿವಾರ ನಾ ಡಿಯರ್‌ಬಾರ್ನ್ ತುಂಬ ಒಬ್ಬನ ಡ್ರೈವ್ ಮಾಡ್ತಿದ್ದೆ. ಬಾಜೂಕಿನ ಖಾಲಿ ಸೀಟಿಗೆ ಊರು ತೋರಸ್ತಿದ್ದೆ.”

“ಸೀಟಿಗಾ?”

“ಪ್ರಾಕ್ಟೀಸ್. ನೀ ಬಂದ ಮ್ಯಾಲೆ ಹೆಂಗ ತೋರಸಬೇಕಂತ. ಅದೂ ನಿಮ್ಮ ಮೈಸೂರ ಕನ್ನಡದಾಗ. ನೀ ನನ್ನ ಮಾತಿಗೆ ನಗಬಾರದಲ್ಲ.”

ನಾನು ಪೂರ್ತಿ ಇವರ ಕಡೆ ತಿರುಗಿದೆ. “ಮತ್ತೆ ಯಾಕೆ ಹೇಳಲಿಲ್ಲ?”

“ಎಲ್ಲೆ ಹೇಳ್ಲಿ? ಏರ್‌ಪೋರ್ಟಿನಿಂದ ಮನಿ ಮುಟ್ಟೂತನಕ ನೀನ ಮಾತಾಡಿದಿ. ವಿಮಾನದಾಗ ಏನ್ ಕೊಟ್ರು, ಬಾಜೂಕ ಯಾರ್ ಕೂತಿದ್ರು. ಕೇಳಾಕ ಛಲೋ ಅನಸ್ತು. ಆಮ್ಯಾಲೆ ಯಾವಾಗ ಬಾಯಿ ತಗದ್ರೂ ಹೈವೇ ಇಳಿಯೂ ನಮ್ಮ ಎಕ್ಸಿಟ್ ಬಂದಬಿಡತಿತ್ತು. ಆಮ್ಯಾಲೆ ಪುಟ್ಟಿ ಬಂದಳು. ನನ್ನ ಪಾಳಿನ ಬರಲಿಲ್ಲ.”

ಇಪ್ಪತ್ತು ವರ್ಷದ ಹತ್ತಿರ ಪಾಳಿಗಾಗಿ ಕಾದ ಮನುಷ್ಯನನ್ನು ನಾನು ಮಾತಿಲ್ಲದವನು ಎಂದುಕೊಂಡಿದ್ದೆ. “ಈಗ ಹೇಳಿ,” ಎಂದೆ. “ಅವತ್ತು ಹೇಗೆ ಹೇಳ್ತಿದ್ರೋ ಹಾಗೇ.”

ಇವರು ನಾಚಿಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಎಡಗಡೆಯ ಕುರಿಗಳ ಕಡೆ ಕೈಮಾಡಿ, ಪಕ್ಕಾ ಪರೀಕ್ಷೆಗೆ ಓದಿದ ಕನ್ನಡದಲ್ಲಿ ಒಪ್ಪಿಸತೊಡಗಿದರು. “ಇಲ್ಲಿ ನೋಡಿ, ಇದೇ ನಮ್ಮ ಆಫೀಸು. ಆ ಮೂಲೆಯ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತೆ. ಚಳಿಗಾಲದಲ್ಲಿ ತುಂಬ ಚಳಿ ಇರುತ್ತೆ, ಹೆದರಬೇಡಿ. ನಾನು ನಿಮಗೆ ದಪ್ಪ ಕೋಟು ತಗೊಂಡಿದೀನಿ.” ಕುರಿಗಳು ತಲೆಯೆತ್ತಿ ನೋಡಿದವು. ನಾನು ನಕ್ಕೆ, ಅತ್ತೆ, ಎರಡೂ ಒಟ್ಟಿಗೇ ಆಯಿತು. ಹೊಸ ಹೆಂಡತಿಯನ್ನು ಇವರು ‘ನೀವು’ ಎಂದು ಕರೆಯಬೇಕೆಂದಿದ್ದರು ಎಂಬುದು ನನಗೆ ತಿಳಿದೇ ಇರಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಇವರು ಉತ್ತರ ಹೇಳಿದರು. ಇನ್ನೊಂದು ಕೇಳಿದೆ. ಇವರೂ ಕೇಳಿದರು. ಮೊದಲ ಚಳಿಗಾಲ ನನಗೆ ಹೇಗನಿಸಿತ್ತು ಎಂದು ಯಾರೂ ಕೇಳಿರಲಿಲ್ಲ, ಅದನ್ನೂ ಕೇಳಿದರು.

ಮಾತಿನ ನಡುವೆ ಎಲ್ಲೋ ಟ್ರ್ಯಾಕ್ಟರ್ ಹೊಲಕ್ಕೆ ತಿರುಗಿ ಹೋಗಿತ್ತು. ಮುಂದೆ ರಸ್ತೆ ಉದ್ದಕ್ಕೂ ಖಾಲಿ. ಕಾರು ಮಾತ್ರ ಟ್ರ್ಯಾಕ್ಟರಿನ ವೇಗದಲ್ಲೇ ಹೋಗುತ್ತಿತ್ತು. ಇವರಿಗೆ ಗೊತ್ತಾಗಿಲ್ಲವೇನೋ ಎಂದುಕೊಂಡು ನಾನೂ ಹೇಳಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೆಯಿತು. ಇವರು ಗೋಡೆ ಸ್ವಲ್ಪ ಒಳಸರಿದಿದ್ದ ಕಡೆ ಕಾರು ನಿಲ್ಲಿಸಿ ದಾರಿ ಬಿಟ್ಟರು. ಒಳಗೆ ನಮ್ಮದೇ ವಯಸ್ಸಿನ ಗಂಡ ಹೆಂಡತಿ, ಇಬ್ಬರೂ ನೆಟ್ಟಗೆ ಮುಂದಕ್ಕೆ ನೋಡುತ್ತಾ ಭರ್ರನೆ ಹೋದರು.

“ಹೋಗ್ಲಿ ಬಿಡು,” ಎಂದರು ನಮ್ಮವರು. “ಪಾಪ, ಅವರ ಮಾತು ಮುಗದಿರಬೇಕು.”