ಸೂಜಿಯಕ್ಕನ ಸೈಕಲ್ ಬೆಲ್ಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಯದ ಬಾಗಿಲಲ್ಲಿ ನಿಂತ ಸೂಜಿಯಕ್ಕ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಾಗಿದರೆ ಕುದುರೆ ಬೆಚ್ಚಿಬೀಳುತ್ತದಂತೆ. ಎದುರಿಗಿರುವುದು ಕೆಂಪಿ, ವಯಸ್ಸಾದ ಗಾಡಿಕುದುರೆ. ಹಗ್ಗ ಹಿಡಿದು ನಿಂತಿರುವವರು ಅದರ ಯಜಮಾನರು. ಊರಿಗೆಲ್ಲ ಅವರು ಗಾಡಿ ದೊಡ್ಡಪ್ಪ.

"ಅತ್ಲಾಗೆ ನೋಡು ದೊಡ್ಡಪ್ಪ. ನೀನು ಹೆದರಿದ್ರೆ ಅದಕ್ಕೂ ಗೊತ್ತಾಗುತ್ತೆ."

ದೊಡ್ಡಪ್ಪನಿಗೆ ಕಿವಿ ಮಂದ. ಎರಡನೇ ಸಲ ಗಟ್ಟಿಯಾಗಿ ಹೇಳಿದ ಮೇಲೆ, "ನಾನ್ಯಾಕಮ್ಮ ಹೆದರ್ಲಿ" ಎನ್ನುತ್ತಾರೆ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ.

ಸೂಜಿಯಕ್ಕ ಕೆಂಪಿಯ ಕತ್ತಿನ ಪಕ್ಕದ ತಗ್ಗಿನಲ್ಲಿ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ನರ ಉಬ್ಬುತ್ತದೆ. ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ ನನ್ನದು ಸೂಜಿ ಕಂಡರೆ ಮಾರುದೂರ ಹಾರುವ ಜಾತಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಟ್ಯೂಬು ತುಂಬಿದೆ. ಕೆಂಪಿ ಬಾಲ ಕೂಡ ಆಡಿಸಿಲ್ಲ.

ಇದು ಕೆಂಪಿಗೆ ಎರಡನೇ ಪರೀಕ್ಷೆ. ಮೊದಲನೆಯದರಲ್ಲಿ ರೋಗ ಇದೆ ಎಂದೂ ಹೇಳಲಾಗದ, ಇಲ್ಲ ಎಂದೂ ಹೇಳಲಾಗದ ಉತ್ತರ ಬಂತು. ಕುದುರೆಗಳ ರಕ್ತವನ್ನೇ ತಿನ್ನುವ ವೈರಸ್ ರೋಗವಿದು. ಒಂದನ್ನು ಕಚ್ಚಿದ ನೊಣ ಇನ್ನೊಂದನ್ನು ಕಚ್ಚಿದರೆ ಸಾಕು, ಅಂಟಿಕೊಳ್ಳುತ್ತದೆ. ಔಷಧಿಯಿಲ್ಲ. ಇದೆ ಎಂದು ಖಚಿತವಾದರೆ ಇಲ್ಲಿನ ಕಾನೂನಿನಂತೆ ಕುದುರೆಯನ್ನು ಕೊಲ್ಲಬೇಕು. ಹಾಗಾಗಿ ಕೆಂಪಿಯನ್ನು ಊರಾಚೆಯ ದಿಣ್ಣೆಯ ಮೇಲೆ, ಈ ಒಂಟಿ ಲಾಯದಲ್ಲಿ, ನೊಣ ಬಾರದಂತೆ ಬಲೆಯ ಹಿಂದೆ ಕಟ್ಟಿದ್ದಾರೆ. ದೊಡ್ಡಪ್ಪ ಹಗಲೆಲ್ಲ ಟವೆಲ್ ಬೀಸುತ್ತ ಅದರ ಜೊತೆಗೇ ಕೂತಿರುತ್ತಾರೆ. ಮನೆಗೆ ಹೋಗಿ ಉಂಡು ಬನ್ನಿ ಎಂದರೂ ಏಳುವ ಆಸಾಮಿಯಲ್ಲ.

ಸೂಜಿಯಕ್ಕ ಪಶು ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಾಗ ಕೂದಲೆಲ್ಲ ಕಪ್ಪಗಿತ್ತು. ಆಗ ಬೆಳಗಾದರೆ ಮೂವತ್ತು, ನಲವತ್ತು ಕುದುರೆ. ಈಗ ವಾರಕ್ಕೆ ಅಷ್ಟಾದರೆ ಹೆಚ್ಚು. ಸ್ಟೇಷನ್ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳ ವಿಷಯ ತೆಗೆದರೆ ಅವರ ಮುಖವೇ ಬೇರೆಯಾಗುತ್ತದೆ.

"ಒದ್ದೆ ಹುಲ್ಲಿನ ವಾಸನೆ ಬಂದ್ರೆ ಈಗ್ಲೂ ಅಪ್ಪ ಬಂದ ಅನ್ಸುತ್ತೆ. ಗೊರಸಿನ ಸದ್ದಲ್ಲೇ ಯಾರ ಗಾಡಿ ಅಂತ ಹೇಳ್ತಿದ್ವಿ. ಅಪ್ಪನ ಕುದುರೆ ಸ್ವಲ್ಪ ಎಳೆದು ಕಾಲಿಡ್ತಿತ್ತು. ಅದು ಬೀದಿ ತಿರುಗಿದ್ರೆ ಅಮ್ಮ ಒಲೆ ಹಚ್ಚೋರು."

ಅಪ್ಪನದೂ ಗಾಡಿಯೇ. ಸೂಜಿಯಕ್ಕ ಶಾಲೆಗೆ ಹೋಗುತ್ತಿದ್ದಾಗ ಈ ರೋಗ ಊರಿಗೆ ಬಂತು. ಎಲ್ಲ ಕುದುರೆಗಳ ರಕ್ತ ತೆಗೆದುಕೊಂಡು ಹೋದರು. ಏನಾಯಿತೆಂದು ಯಾರೂ ಬಂದು ಹೇಳಲಿಲ್ಲ. ಒಂದು ಬೆಳಿಗ್ಗೆ ಕುದುರೆ ಒಯ್ಯಲು ನೇರ ವ್ಯಾನೇ ಬಂತು.

"ಅವ್ರದ್ದು ತಪ್ಪು ಅನ್ನಲ್ಲ. ಒಂದನ್ನ ಉಳಿಸೋಕೆ ಹೋದ್ರೆ ಹತ್ತು ಹೋಗ್ತವೆ. ಆದ್ರೆ ಅವತ್ತು ಅಪ್ಪ ಅದನ್ನ ತೊಳೆದು, ಗಾಡಿ ಕಟ್ಟಿ, ಲಗಾಮು ಹಾಕಿ ನಿಂತಿದ್ರು. ಮೊದ್ಲೇ ಒಂದು ಮಾತು ಹೇಳಿದ್ರೆ ಅವತ್ತೊಂದು ದಿನ ಅದಕ್ಕೆ ಗಾಡಿ ಕಟ್ತಿರ್ಲಿಲ್ಲ."

ಹೀಗಾಗಿ ಸೂಜಿಯಕ್ಕನದು ಒಂದು ಪದ್ಧತಿ. ಆಸ್ಪತ್ರೆಯವರು ಫಲಿತಾಂಶವನ್ನು ಯಜಮಾನರಿಗೆ ಮಧ್ಯಾಹ್ನ ಫೋನಿನಲ್ಲಿ ತಿಳಿಸುತ್ತಾರೆ. ಅದಕ್ಕೂ ಮೊದಲೇ ಬೆಳಿಗ್ಗೆ ಈಕೆ ಆಸ್ಪತ್ರೆಯಲ್ಲಿ ಚೀಟಿ ನೋಡಿಕೊಂಡು ಸೈಕಲ್ ಏರಿ ಹೊರಡುತ್ತಾರೆ. ರೋಗ ಇಲ್ಲವೆಂದರೆ ಬೆಲ್ಲು ಹೊಡೆಯುತ್ತ ಸೈಕಲ್ ಮೇಲೇ ಬರುತ್ತಾರೆ. ಇದೆಯೆಂದರೆ ತಿರುವಿನಲ್ಲೇ ಇಳಿದು, ಸುಮ್ಮನೆ ತಳ್ಳಿಕೊಂಡು ಬರುತ್ತಾರೆ. ಕುದುರೆ ಸಾಕುವವರಿಗೆಲ್ಲ ಇದು ಗೊತ್ತು.

ಒಮ್ಮೆ ಎಡವಟ್ಟೂ ಆಗಿದೆ. ಸವಾರಿ ಶಾಲೆಗೆ ಒಳ್ಳೇ ಸುದ್ದಿ ಒಯ್ಯುವಾಗಲೇ ಸೈಕಲ್ ಪಂಕ್ಚರ್. ಅದನ್ನು ಬೈಯುತ್ತ ತಳ್ಳಿಕೊಂಡು ಗೇಟಿನೊಳಗೆ ಹೋದರೆ, ಅಲ್ಲಿನ ಮೇಷ್ಟ್ರು ಕುದುರೆಯ ಕತ್ತು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದಾರೆ.

"ಬೆಲ್ಲಾದ್ರೂ ಹೊಡೀಬಹುದಿತ್ತಲ್ಲ ಅಕ್ಕ?"

"ಆ ಸಿಟ್ಟಲ್ಲಿ ತಲೆಗೇ ಹೊಳೀಲಿಲ್ಲ. ಪುಣ್ಯಾತ್ಮ ತಿಂಗಳುಗಟ್ಟಲೆ ನನ್ನ ಹತ್ರ ಮಾತು ಬಿಟ್ಟಿದ್ರು." ನಗುತ್ತಲೇ ಸೈಕಲ್ಲಿಗೆ ಕಟ್ಟಿರುವ ಗಾಳಿ ಪಂಪು ತೋರಿಸುತ್ತಾರೆ.

ಕೆಂಪಿಯ ಫಲಿತಾಂಶ ಬಂದ ಬೆಳಿಗ್ಗೆ ನಾನೂ ಬಾಡಿಗೆ ಸೈಕಲ್ಲಿನಲ್ಲಿ ಅವರ ಹಿಂದೆ ಹೊರಡುತ್ತೇನೆ. ಏನಾಯಿತು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. "ಯಜಮಾನ್ರಿಗಿಂತ ಮೊದ್ಲು ಪೇಪರ್‌ನೋರಿಗೆ ಹೇಳ್ಬೇಕಾ?"

ದಿಣ್ಣೆಯ ಬುಡಕ್ಕೆ ಬರುತ್ತೇವೆ. ಏರು ಕಡಿದಾಗಿದೆ. ಎಂಥವರೂ ಇಲ್ಲಿ ಇಳಿದು ತಳ್ಳುತ್ತಾರೆ; ನಾನಂತೂ ಇಳಿದೇಬಿಟ್ಟೆ. ಸೂಜಿಯಕ್ಕನ ಮಂಡಿ ಸವೆದಿದೆ, ಸೈಕಲ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಮೇಲೆ ಲಾಯದ ಮುಂದೆ ದೊಡ್ಡಪ್ಪ ನಿಂತು ಈ ಕಡೆಯೇ ನೋಡುತ್ತಿದ್ದಾರೆ. ಆ ಕಿವಿಗೆ ಇಲ್ಲಿಂದ ಬೆಲ್ಲು ಕೇಳಿಸುವ ಮಾತಿಲ್ಲ.

ಸೂಜಿಯಕ್ಕ ಒಂದು ಕಾಲು ನೆಲಕ್ಕೆ ಊರುತ್ತಾರೆ. ಮೇಲೆ ದೊಡ್ಡಪ್ಪ ಹಿಂದಕ್ಕೆ ಕೈ ಚಾಚಿ ಬಾಗಿಲ ಕಂಬ ಹಿಡಿದುಕೊಳ್ಳುತ್ತಾರೆ.

"ಉಸಿರು ತಗೊಳ್ಳೋಕೂ ಬಿಡಲ್ಲ ಈ ಮುದುಕ" ಎಂದು ಗೊಣಗಿ ಸೂಜಿಯಕ್ಕ ಪೆಡಲ್ ಮೇಲೆ ಎದ್ದು ನಿಲ್ಲುತ್ತಾರೆ. ಹಲ್ಲು ಕಚ್ಚಿ ತುಳಿಯುತ್ತಾರೆ. ಸೈಕಲ್ ಅತ್ತಿತ್ತ ಓಲಾಡುತ್ತ ಏರು ಹತ್ತುತ್ತದೆ, ಬೆಲ್ಲು ಒಂದೇ ಸಮನೆ ಬಡಿದುಕೊಳ್ಳುತ್ತದೆ. ಮೊದಲು ಕೆಂಪಿಯ ಕಿವಿ ನಿಮಿರುತ್ತದೆ. ದೊಡ್ಡಪ್ಪ ನೊಣ ಓಡಿಸುತ್ತಿದ್ದ ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳುತ್ತಾರೆ.

ನಾನು ಏದುಸಿರು ಬಿಡುತ್ತ ಮೇಲೆ ತಲುಪುವಾಗ ಸೂಜಿಯಕ್ಕ ಕಲ್ಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಾರೆ. ದೊಡ್ಡಪ್ಪ ಬಲೆ ಬಿಚ್ಚುತ್ತಿದ್ದಾರೆ. ಇಷ್ಟು ವರ್ಷದ ಕೆಲಸದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ.

"ನಂಗೇನಪ್ಪ ಆಸೆ" ಎನ್ನುತ್ತಾರೆ. ಕೆಂಪಿ ಹೊರಗೆ ಬಂದು ಮೈ ಕೊಡವುತ್ತದೆ. ಅದನ್ನೇ ನೋಡುತ್ತ ಹೇಳುತ್ತಾರೆ:

"ಅವತ್ತು ನಮ್ಮಪ್ಪನ ಹತ್ರಾನೂ ಯಾರಾದ್ರೂ ಬರ್ಬೇಕಿತ್ತು. ಸೈಕಲ್ ತಳ್ಕೊಂಡಾದ್ರೂ ಸರಿ."