ಕುಯ್ದುಹಾಕಿದ ಬಾಲ

ಆ ತರಬೇತಿಗೆ ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ನಾನೇ ಹೋದೆ, ಮುಂದಿನ ಸಾಲಿನಲ್ಲೇ ಕೂತೆ. ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪ, ಸುಡುಬಿಸಿಲು. ಕೋಟು ಹಾಕಿಕೊಂಡು ಬಂದಿದ್ದ ಒಬ್ಬಾತ, ವ್ಯಾಪಾರ ಬಿದ್ದರೂ ಮನಸ್ಸು ಬೀಳಬಾರದು ಅಂತ ಎರಡು ಗಂಟೆ ಬೆವರುತ್ತಾ ಮಾತಾಡಿದ. ನಮ್ಮ ರೇಷ್ಮೆ ಸೀರೆಯ ವ್ಯಾಪಾರ ಅಷ್ಟು ಹೊತ್ತಿಗೆ ನೆಲ ಕಚ್ಚಿತ್ತು. ಧಾರೆಗೂ ಮಿಷನ್ ಸೀರೆಯೇ ಸಾಕು ಅನ್ನುವ ಕಾಲ. ನಾಲ್ಕು ಮಗ್ಗಗಳಲ್ಲಿ ಮೂರು ನಿಂತು, ಉಳಿದ ಒಂದರಲ್ಲಿ ನಮ್ಮ ಯಜಮಾನರು ನೇಯುತ್ತಿದ್ದರು. ಅದೂ ನಿಂತರೆ ನಾವು ಮಗ್ಗದ ಮನೆಯವರೇ ಅಲ್ಲ.

ಗುರಿಯನ್ನು ಬರೆದಿಟ್ಟುಕೊಳ್ಳಿ ಅಂದ ಆ ಕೋಟಿನವನು. ಮನೆಗೆ ಬಂದವಳೇ ಒಂದು ಚೀಟಿಯಲ್ಲಿ ‘ಹನೂರಲ್ಲಿ ಸ್ವಂತ ಅಂಗಡಿ’ ಅಂತ ಪೆನ್ನಿನಲ್ಲಿ ಸಣ್ಣಗೆ ಬರೆದು ಮಗ್ಗದ ಹಿಂದಿನ ಗೋಡೆಗೆ ಅಂಟಿಸಿದೆ. ದೊಡ್ಡದಾಗಿ ಬರೆಯಲು ನಾಚಿಕೆ. ನಿಮ್ಮನ್ನು ಹಿಂದಕ್ಕೆ ಎಳೆಯುವವರನ್ನು ಬಿಡಿ, ವೇಸ್ಟನ್ನು ಕಿತ್ತುಹಾಕಿ ಅಂತಲೂ ಹೇಳಿದ್ದ. ಅವೆರಡಕ್ಕೆ ನನಗೆ ನಾಚಿಕೆಯಾಗಲಿಲ್ಲ.

ಹಿಂದಕ್ಕೆ ಎಳೆಯುವವರು ಅಂದಾಗಲೇ ನನಗೆ ಚಿಕ್ಕತ್ತೆಯ ನೆನಪಾಗಿತ್ತು. ನಮ್ಮತ್ತೆಯ ತಂಗಿ, ಯಳಂದೂರು ಕಡೆಯ ಅಗರದವರು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳನ್ನು ಹಾಸು ಅನ್ನುತ್ತೇವೆ. ಒಂದು ಹಾಸು ಮುಗಿದಾಗ ಸೀರೆಯನ್ನು ಕುಯ್ದುಕೊಂಡು, ಕೊನೆಯ ಒಂದು ಮೊಳವನ್ನು ನೇಯದೆ ಮಗ್ಗದಲ್ಲೇ ಬಿಡುವುದು ರೂಢಿ. ಅದೇ ಬಾಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಬಾಲದ ಒಂದೊಂದು ಎಳೆಗೆ ಹೊಸೆದು ಎಳೆದರೆ, ಹೊಸದು ಹಳೆಯದರ ದಾರಿ ಹಿಡಿದು ಬಾಚಣಿಗೆಯಂಥ ಹಣಿಗೆಯ ಸಂದುಗಳಲ್ಲಿ ತಾನೇ ಬಂದು ಕೂರುತ್ತದೆ. ಆ ಹೊಸೆಯುವ ಕೆಲಸ ಚಿಕ್ಕತ್ತೆಯದು. ನಮ್ಮ ಬೀದಿಯ ಮಗ್ಗಗಳಿಗೆಲ್ಲ ಅವರೇ. ಬಸ್ಸಿಳಿದು ಬಂದು, ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು ಕೂತರೆ ಸಾವಿರಾರು ಎಳೆ ಸಂಜೆಯೊಳಗೆ ಕೂಡುತ್ತಿದ್ದವು. ಆ ಬೆರಳು ಹೂವಿನಂತಿದ್ದವು. ಮನೆಯಲ್ಲಿ ಪಾತ್ರೆ ಕೂಡ ತಿಕ್ಕುತ್ತಿರಲಿಲ್ಲ, ಚರ್ಮ ಒರಟಾದರೆ ರೇಷ್ಮೆ ಹಿಡಿದುಕೊಳ್ಳುತ್ತದೆ ಅಂತ.

ಆ ತಿಂಗಳು ಒಂದು ಸೀರೆಯಲ್ಲಿ ಗೀರು ಬಂತು. ಎರಡು ಎಳೆ ಅದಲುಬದಲಾಗಿದ್ದವು. ಹಾಸು ಸುತ್ತುವಾಗ ನಾನೇ ದಾಟಿಸಿರಬಹುದು ಎಂಬ ಅನುಮಾನ ನನಗಿತ್ತು. ಬಾಯಿ ಬಿಡಲಿಲ್ಲ. ಚಿಕ್ಕತ್ತೆ ಬಂದಾಗ ಬೀದಿಯ ನಾಲ್ಕು ಜನರ ಮುಂದೆಯೇ ಅಂದೆ:

“ಇನ್ಮೇಲೆ ಬರಬ್ಯಾಡಿ ಚಿಕ್ಕತ್ತೆ. ನಿಮ್ಗೆ ಕಣ್ಣು ಕಾಣಾಕಿಲ್ಲ.”

“ಕಾಣ್ತದೆ ಕಣವ್ವ.”

“ಕಂಡಿದ್ರೆ ಸೀರೆ ಇಂಗೆ ಆಯ್ತಿತ್ತಾ?”

ಚಿಕ್ಕತ್ತೆ ಬೂದಿಯ ಬಟ್ಟಲನ್ನು ಮೂಲೆಗೆ ಸರಿಸಿಟ್ಟು ಹೋದರು. ನಾನು ಅಲ್ಲಿಗೂ ಬಿಡಲಿಲ್ಲ. ಸೀರೆ ಕೊಳ್ಳುವವರಿಂದ ಮಾತು ಕೇಳಬೇಕಲ್ಲ, ತಪ್ಪು ನಮ್ಮದಲ್ಲ ಅನ್ನಿಸಲು ಚಿಕ್ಕತ್ತೆಗೆ ಕಣ್ಣು ಕಾಣುವುದಿಲ್ಲ ಅಂತ ಮನೆಮನೆಗೂ ಹೇಳಿ ಬಂದೆ. ಬೀದಿಯಲ್ಲಿ ಇನ್ನೂ ಆಡುತ್ತಿದ್ದ ಮಗ್ಗಗಳವರೂ ಅವರನ್ನು ಕರೆಯುವುದು ಬಿಟ್ಟರು. ನಾನು ವ್ಯವಹಾರಸ್ಥಳಾದೆ ಅಂತ ಒಳಗೊಳಗೇ ಹಿಗ್ಗಿದೆ.

ಆಮೇಲೆ ವೇಸ್ಟಿನ ಸರದಿ. ಹಾಸು ಮುಗಿಯುತ್ತಾ ಬಂದಿತ್ತು. ಒಂದು ಮೊಳ ಅಪ್ಪಟ ರೇಷ್ಮೆ ಪ್ರತಿ ಸಲ ಸುಮ್ಮನೆ ನೇತಾಡುತ್ತದಲ್ಲ ಅಂತ ನನ್ನ ಹೊಟ್ಟೆ ಉರಿಯಿತು. “ಅಷ್ಟನ್ನೂ ನೇಯಿರಿ, ರವಿಕೆ ಬಟ್ಟೆ ಆಗಲಿ” ಅಂದೆ. ಯಜಮಾನರು ನನ್ನ ಮುಖ ನೋಡಿದರು.

“ಬಾಲ ಕುಯ್ದ್ರೆ ಮಗ್ಗ ಬರಿದಾಯ್ತದೆ ಕಣೇ.”

“ಮಿಕ್ಕ ಮೂರು ಬರಿದಾಗೇ ನಿಂತವಲ್ಲ, ಅವಕ್ಕೇನಾಯ್ತು?”

ಹಾಸು ಇನ್ನು ಮಿಸುಕದು ಅನ್ನುವವರೆಗೂ ಅವರು ನೇಯ್ದರು. ಉಳಿದ ತುಂಡನ್ನು ನಾನೇ ಕುಯ್ದುಹಾಕಿ ಹಣಿಗೆ ತೊಳೆದಿಟ್ಟೆ. ಮಗ್ಗ ಲಕಲಕ ಹೊಳೆಯಿತು.

ಹನೂರಿನ ಸೀರೆ ಅಂಗಡಿಯವರ ಫೋನು ಬಂದದ್ದು ಅದಾದ ನಾಲ್ಕೈದು ತಿಂಗಳಿಗೆ. ಅಲ್ಲಿಯವರೆಗೆ ಯಾರೂ ಸೀರೆ ಕೇಳದೆ ಹೊಸ ಹಾಸು ಏರಿಸಿರಲಿಲ್ಲ. ಒಂದೇ ಮನೆಯ ಮದುವೆಗೆ ಮೂರು ಸೀರೆ, ಕೈಮಗ್ಗದ್ದೇ ಬೇಕು, ಇಪ್ಪತ್ತು ದಿನ. ಚೆನ್ನಾಗಿ ಬಂದರೆ ಅಂಗಡಿಯ ಒಂದು ಕಪಾಟು ಪೂರ್ತಿ ನಮ್ಮ ಸೀರೆಗೇ ಅಂದರು. ಗೋಡೆಯ ಚೀಟಿಯ ಕಡೆ ನೋಡಿ ಕೈ ಮುಗಿದೆ. ಕೈ ಮುಗಿದಾದ ಮೇಲೆ ಮಗ್ಗ ಕಣ್ಣಿಗೆ ಬಿತ್ತು.

ಹೊಸ ಹಾಸನ್ನು ಕಟ್ಟಲು ಬಾಲವಿಲ್ಲ. ಒಂದೊಂದು ಎಳೆಯನ್ನೂ ಲೆಕ್ಕ ತಪ್ಪದೆ ಹಣಿಗೆಯ ಒಂದೊಂದು ಸಂದಿನಲ್ಲಿ ಹೊಸದಾಗಿ ತೂರಿಸಬೇಕು. ಯಜಮಾನರು ನಾಲ್ಕು ದಿನ ಕೂತರು. ನಾನು ಕನ್ನಡಕ ಹಾಕಿಕೊಂಡು ಎಳೆ ಎತ್ತಿಕೊಟ್ಟೆ. ಐದನೆಯ ದಿನ ನೋಡಿದರೆ ಅಂಚಿನಿಂದಲೇ ಲೆಕ್ಕ ತಪ್ಪಿತ್ತು. ಎಲ್ಲವನ್ನೂ ಎಳೆದುಹಾಕಿದೆವು. ಅಷ್ಟು ಎಳೆಯನ್ನು ತಪ್ಪದೆ ತೂರಿಸುವ ಬೆರಳು ಚಿಕ್ಕತ್ತೆಯದೊಂದೇ. ಮಾನ ಬಿಟ್ಟು ಯಳಂದೂರಿನ ಬಸ್ಸು ಹತ್ತಿದೆ.

ಚಿಕ್ಕತ್ತೆ ಸೆರಗು ಕೊಡವಿಕೊಂಡು ನನ್ನ ಜೊತೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ನಾನು ಕಪಾಟಿನ ವಿಷಯ ಹೇಳಿದೆ. ಹೇಗಿದ್ದೀರಿ ಅಂತ ಕೇಳಲಿಲ್ಲ.

ಮಗ್ಗದ ಮುಂದೆ ಕೂತು ಅವರು ಬರಿದಾದ ಹಣಿಗೆಯ ಮೇಲೆ ಕೈಯಾಡಿಸಿದರು. “ಬಾಲಾನೂ ಕುಯ್ದ್ಯಾ?” ಅಂದರು, ಅಷ್ಟೇ. ಬೂದಿ ಮುಟ್ಟಿಸಿಕೊಂಡು ಮೊದಲ ಎಳೆ ಹಿಡಿದರು. ಎಳೆ ಬೆರಳಿಗೆ ಸಿಕ್ಕಿಕೊಂಡು ನಾರುನಾರಾಯಿತು. ಎರಡನೆಯದೂ ಹಾಗೇ ಆಯಿತು. ಮೂರನೆಯದು ತುಂಡಾಯಿತು. ಅವರ ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳ ತುದಿಗಳೆಲ್ಲ ಸೀಳಿ, ಸೀಳಿನಲ್ಲಿ ಕಪ್ಪು ಮಣ್ಣು ಕೂತಿತ್ತು.

ಆಗಲೂ ನನಗೆ ಮರುಕ ಹುಟ್ಟಲಿಲ್ಲ, ಸಿಟ್ಟು ಬಂತು. “ಕೈ ನೋಡ್ಕಬಾರ್ದಿತ್ತಾ ಚಿಕ್ಕತ್ತೆ? ಎಣ್ಣೆನಾದ್ರೂ ಅಚ್ಕಬಾರ್ದಿತ್ತಾ?” ಅಂದೆ.

“ಯಾತಕ್ಕವ್ವ? ಕಣ್ಣು ಕಾಣಾಕಿಲ್ಲ ಅಂತ ನೀನೇ ಬೀದಿಗೆಲ್ಲ ಏಳ್ಬುಟ್ಟೆ. ಹೊಟ್ಟೆ ಕೇಳ್ತದಾ? ಕಬ್ಬಿನ ಗದ್ದೆಲಿ ಕಳೆ ಕೀಳಕ್ಕೋದೆ.”

ಯಜಮಾನರು ಎದ್ದು ಹಿತ್ತಲಿಗೆ ಹೋದರು. ನಾನು ಹನೂರಿಗೆ ಫೋನು ಮಾಡಿದೆ. ಆಗುವುದಿಲ್ಲ ಅಂತ ಹೇಳಿ ಮುಗಿಸುವ ಮೊದಲೇ ಅವರು ಇಟ್ಟುಬಿಟ್ಟರು.

ಚಿಕ್ಕತ್ತೆ ಬೂದಿಯನ್ನು ಸೆರಗಿಗೆ ಒರೆಸಿಕೊಂಡು ಹೊರಟರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡವರು ತಿರುಗಿ ನಿಂತು, ಮಗ್ಗದಾಚೆಯ ಗೋಡೆ ನೋಡಿ, ಆ ಸಣ್ಣ ಬರಹವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು: “ಅನೂರಲ್ಲಿ... ಸ್ವಂತ... ಅಂಗ್ಡಿ. ಆಗ್ಲಿ ಬುಡವ್ವ, ಒಳ್ಳೇದಾಗ್ಲಿ.”

ಬಾಗಿಲ ಹತ್ತಿರದಿಂದ ಆ ಚೀಟಿಯ ಅಕ್ಷರ ಕನ್ನಡಕ ಹಾಕಿಕೊಂಡರೂ ನನಗೆ ಕಾಣುವುದಿಲ್ಲ.